ಜೀರಿಗೆಯನ್ನು ನೋಡಲು ಬಂದವರು

ನಾಯಿ ಮನೆಗೆ ಬಂದ ದಿನ ರತ್ನಮ್ಮ ಅದರ ಮುಖ ನೋಡಲಿಲ್ಲ. ನೋಡಬೇಕೆಂದರೂ ಕಾಣುವಂತಿರಲಿಲ್ಲ ಅನ್ನಿ. ಮಗಳು ಹರ್ಷಿಣಿ ಹಳೆಯ ಕಂಬಳಿಯ ಗಂಟೊಂದನ್ನು ಎದೆಗವಚಿಕೊಂಡು ಆಟೋ ಇಳಿದು, ಎರಡು ಮಹಡಿ ಹತ್ತಿ ಬಂದು, ತನ್ನ ಕೋಣೆಯ ನೆಲದ ಮೇಲೆ ಇಳಿಸಿದಳು. ಗಂಟಿನಿಂದ ಹೊರಬಿದ್ದ ಜೀವ ಅತ್ತ ಇತ್ತ ನೋಡದೆ ಮಂಚದ ಕೆಳಗೆ ನುಗ್ಗಿ, ಗೋಡೆಗೆ ಮೂಗು ಹಚ್ಚಿ ಕೂತುಬಿಟ್ಟಿತು. ರತ್ನಮ್ಮನಿಗೆ ಕಂಡದ್ದು ಜೀರಿಗೆ ಬಣ್ಣದ ಒಂದು ಬೆನ್ನು, ಅರ್ಧ ಹರಿದ ಒಂದು ಕಿವಿ, ಅಷ್ಟೇ. ನಾಯಿ ಬಾಲ ಡೊಂಕು ಎನ್ನುತ್ತಾರೆ. ಈ ನಾಯಿಯದು ಡೊಂಕೋ ನೆಟ್ಟಗೋ ಹೇಳಬೇಕಾದರೆ ಅದು ಮೊದಲು ಹೊಟ್ಟೆಯಡಿಯಿಂದ ಹೊರಗೆ ಬರಬೇಕಲ್ಲ.

“ಎಷ್ಟು ದಿನ ಇದು?” ಎಂದು ಬಾಗಿಲಲ್ಲೇ ನಿಂತು ಕೇಳಿದರು.

“ಒಂದು ಒಳ್ಳೆ ಮನೆ ಸಿಗೋ ತನಕ.”

“ಅಡುಗೆಮನೆ ಹೊಸ್ತಿಲು ದಾಟಕೂಡದು. ದೇವರ ಮುಂದೆ ಸುಳೀಕೂಡದು.”

“ಅಮ್ಮ, ಇವಳು ಮಂಚದ ಕೆಳಗಿಂದ ಈಚೆ ಬಂದ್ರೆ ನಾನೇ ನಿಂಗೆ ಪಾರ್ಟಿ ಕೊಡ್ತೀನಿ.”

ಹರ್ಷಿಣಿ ಭಾನುವಾರಗಳಲ್ಲಿ ಊರ ಹೊರಗಿನ ನಾಯಿಗಳ ಆಶ್ರಯಧಾಮವೊಂದಕ್ಕೆ ಹೋಗಿ ಬರಲು ಶುರುಮಾಡಿ ಆರು ತಿಂಗಳಾಗಿತ್ತು. ಅಲ್ಲಿಗೆ ನಾಯಿ ಬೇಕೆಂದು ಬರುವವರು ಹಾರಿ ಬಂದು ಕೈ ನೆಕ್ಕುವ ಮರಿಗಳನ್ನು ಎತ್ತಿಕೊಂಡು ಹೋಗುತ್ತಾರಂತೆ. ಗೋಡೆಗೆ ಮುಖ ಮಾಡಿ ಕೂರುವ ನಾಯಿಯನ್ನು ಯಾರೂ ಕೇಳುವುದಿಲ್ಲವಂತೆ. ಹಾಗಾಗಿ ಅಂಥವನ್ನು ಕೆಲವು ವಾರ ಯಾರಾದರೂ ತಮ್ಮ ಮನೆಯಲ್ಲಿಟ್ಟುಕೊಂಡು, ಮನುಷ್ಯರ ಅಭ್ಯಾಸ ಮಾಡಿಸಿ, ಆಮೇಲೆ ಮನೆ ಹುಡುಕಿ ಕೊಡುವುದು ಅಲ್ಲಿಯ ಪದ್ಧತಿ. ಈ ನಾಯಿ ಕಟ್ಟುತ್ತಿರುವ ಮೇಲ್ಸೇತುವೆಯೊಂದರ ಕೆಳಗೆ ಸಿಕ್ಕಿದ್ದು. ಯಾರು ಹೊಡೆದರು, ಯಾತರಿಂದ ಹೊಡೆದರು ಎಂದು ಅದಕ್ಕೊಂದಕ್ಕೇ ಗೊತ್ತು. ಧಾಮದವರು ಅದಕ್ಕೆ ಶೇರ್‌ನಿ, ಅಂದರೆ ಹೆಣ್ಣು ಹುಲಿ, ಎಂದು ಹೆಸರಿಟ್ಟಿದ್ದರು. ಹರ್ಷಿಣಿ ಅದನ್ನು ಬಿಟ್ಟು ಜೀರಿಗೆ ಎಂದು ಕರೆದಳು.

ಮನೆಯ ಯಜಮಾನರು ದತ್ತಾತ್ರೇಯ. ಹೊಸದುರ್ಗದಿಂದ ದಿಲ್ಲಿಗೆ ಬಂದು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಸೇರಿ, ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ಅರ್ಧ ಆಯುಷ್ಯ ಕಳೆದು, ಸೆಕ್ಷನ್ ಆಫೀಸರಾಗಿ ನಿವೃತ್ತರಾದ ಮೇಲೆ ರೋಹಿಣಿ ಬಡಾವಣೆಯಲ್ಲಿ ಈ ಎರಡು ಕೋಣೆಯ ಫ್ಲಾಟು ಕೊಂಡಿದ್ದರು. ಕಚೇರಿ ಬಿಟ್ಟರೂ ಕಚೇರಿ ಅವರ ನಾಲಿಗೆಯನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಮಗಳ ಕೋಣೆಯ ಬಾಗಿಲಲ್ಲಿ ನಿಂತು, “ಮೇಡಂ ಇವತ್ತು ಸೀಟಲ್ಲಿದ್ದಾರೋ, ರಜೆಯೋ?” ಎಂದು ವಿಚಾರಿಸುವರು. ಮಂಚದ ಕೆಳಗಿನ ಮೇಡಂ ಉತ್ತರ ಕೊಡುತ್ತಿರಲಿಲ್ಲ.

ಹರ್ಷಿಣಿಯನ್ನು ಐದು ವರ್ಷದ ಹಿಂದೆ ಫರೀದಾಬಾದಿನ ಕನ್ನಡದವರ ಮನೆಗೇ ಕೊಟ್ಟಿದ್ದರು. ಹುಡುಗ ದೊಡ್ಡ ಕಂಪನಿಯಲ್ಲಿ ಎಂಜಿನಿಯರು. ನೋಡಲು ಬಂದ ದಿನ ಕ್ವಾರ್ಟರ್ಸಿನ ಸಣ್ಣ ಹಜಾರದಲ್ಲಿ ಉಪ್ಪಿಟ್ಟು ಕೇಸರಿಬಾತು ತಿನ್ನುತ್ತ ಹುಡುಗನ ತಾಯಿ, ನಮ್ಮವನು ಸ್ವಲ್ಪ ಮೌನಿ, ಅಷ್ಟೇ ನೋಡಿ ಎಂದಿದ್ದರು. ರತ್ನಮ್ಮನಿಗೆ ಅದು ಗುಣವಾಗಿ ಕಂಡಿತ್ತು. ಕುಡುಕನಲ್ಲ, ಜಗಳಗಂಟನಲ್ಲ, ಮೌನಿ. ಮೂರು ವರ್ಷದ ಮೇಲೆ ಮಗಳು ಎರಡು ಸೂಟ್‌ಕೇಸಿನೊಂದಿಗೆ ಬಾಗಿಲಲ್ಲಿ ನಿಂತಳು. ಆಮೇಲೆ ಕೋರ್ಟು, ಸಹಿ ಎಲ್ಲ ಮುಗಿಯಿತು. ಏನಾಯಿತು ಎಂಬುದು ಮಾತ್ರ ತಿಳಿಯಲಿಲ್ಲ. ಹೊಡೆಯುತ್ತಿದ್ದನೇ? ಇಲ್ಲ. ಬೇರೆ ಹೆಂಗಸೇ? ಇಲ್ಲ. ಮತ್ತೆ ಏನೇ ನಿನ್ನ ಸಂಕಟ ಎಂದು ರತ್ನಮ್ಮ ಕೂತಲ್ಲಿ ನಿಂತಲ್ಲಿ ಕೇಳಿದರು, ಅನ್ನ ಬಡಿಸುತ್ತ ಕೇಳಿದರು, ತಲೆಗೆ ಎಣ್ಣೆ ಹಚ್ಚುತ್ತ ಕೇಳಿದರು. ಕೇಳಿದಷ್ಟೂ ಮಗಳ ಬಾಯಿ ಮುಚ್ಚಿತು, ಆಮೇಲೆ ಕೋಣೆಯ ಬಾಗಿಲೂ ಮುಚ್ಚಿತು. ಈಗ ಅವಳು ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ, ನಾಲ್ಕೂವರೆಗೆ ಬರುತ್ತಾಳೆ, ಕೇಳಿದ್ದಕ್ಕೆ ‘ಹೂಂ’ ‘ಅಚ್ಛಾ’ ಎಂದು, ತಟ್ಟೆ ತೊಳೆದಿಟ್ಟು ಒಳಗೆ ಹೋಗುತ್ತಾಳೆ. ಒಂದೇ ಮನೆಯಲ್ಲಿದ್ದೂ ಮಗಳಿಗಾಗಿ ಹಂಬಲಿಸುವುದು ಹೇಗಿರುತ್ತದೆ ಎಂದು ರತ್ನಮ್ಮನನ್ನು ಕೇಳಬೇಕು.

ನಾಯಿ ಬಂದ ಎರಡನೇ ವಾರ, ಸಂಜೆ ಚಹಾದ ಲೋಟ ಹಿಡಿದು ಮಗಳ ಕೋಣೆಯ ಬಳಿಗೆ ಹೋದವರು ಅಲ್ಲೇ ನಿಂತರು. ಮುಚ್ಚಿದ ಬಾಗಿಲ ಹಿಂದಿನಿಂದ ಹರ್ಷಿಣಿಯ ದನಿ ಕೇಳುತ್ತಿತ್ತು. ಒಂದು ‘ಹೂಂ’ ಅಲ್ಲ, ಎರಡು ‘ಅಚ್ಛಾ’ ಅಲ್ಲ, ತುಂಬು ಮಾತು. ಮೆಟ್ರೋದಲ್ಲಿ ಒಬ್ಬಳು ಹೆಂಗಸು ಮೂಲಂಗಿ ಕಟ್ಟನ್ನು ಪಕ್ಕದವಳ ಮಡಿಲಿಗೆ ಇಟ್ಟು ನಿದ್ದೆಹೋದದ್ದು, ಲೈಬ್ರರಿಯ ಮುಖ್ಯಸ್ಥರು ತಮ್ಮ ಕನ್ನಡಕವನ್ನು ತಾವೇ ಹಾಕಿಕೊಂಡು ಹುಡುಕಿದ್ದು. ಎಲ್ಲ ಅಚ್ಚ ಕನ್ನಡದಲ್ಲಿ, ಚಿಕ್ಕಂದಿನಲ್ಲಿ ಶಾಲೆಯಿಂದ ಬಂದು ಹೇಳುತ್ತಿದ್ದಳಲ್ಲ, ಹಾಗೆ. ಆಮೇಲೆ ದನಿ ತಗ್ಗಿತು.

“ನಾನೂ ಹಿಂಗೇ ಜೀರಿಗೆ. ಬಾತ್‌ರೂಮಲ್ಲಿ ಚಿಲಕ ಹಾಕ್ಕೊಂಡು ಗೋಡೆ ನೋಡ್ಕೊಂಡು ಕೂತಿರ್ತಿದ್ದೆ. ನಲ್ಲಿ ಬಿಟ್ಟು.”

ರತ್ನಮ್ಮ ಸದ್ದಾಗದಂತೆ ಹಿಂದೆ ಸರಿದರು. ಚಹಾ ಆರಿತ್ತು. ಒಲೆಯ ಮೇಲೆ ಮತ್ತೆ ಬಿಸಿಗಿಟ್ಟು ನಿಂತಾಗ ಕಣ್ಣು ತುಂಬಿ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಹೆತ್ತ ತಾಯಿಗೆ ಹೇಳದ ಮಾತನ್ನು ಬೀದಿ ನಾಯಿಗೆ ಹೇಳುತ್ತಾಳೆ. ಅದು ಹೋಗಲಿ ಮೊದಲು. ಅದು ಹೋದರೆ ಆ ಮಾತು ಎಲ್ಲಿಗೆ ಹೋದೀತು, ತನ್ನ ಹತ್ತಿರವೇ ಬರಬೇಕಲ್ಲ. ಹೀಗೆ ಲೆಕ್ಕ ಹಾಕಿದರು, ಪಾಪ.

ನಾಯಿಯ ವಿಷಯದಲ್ಲಿ ಹರ್ಷಿಣಿ ಅಪ್ಪ ಅಮ್ಮನಿಗೆ ಪಾಠ ಮಾಡಿದ್ದಳು. ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಕೈ ಚಾಚಬಾರದು. ಕರೆಯಬಾರದು. ಬೆನ್ನು ಮಾಡಿ ಕೂತು ನಮ್ಮ ಪಾಡಿಗೆ ನಮ್ಮ ಕೆಲಸ ಮಾಡುತ್ತಿರಬೇಕು.

“ಅವಳೇ ಬರಬೇಕಮ್ಮ. ನಾವು ಹೋಗಬಾರದು.”

“ಬರದೇ ಹೋದ್ರೆ?”

“ಕಾಯ್ಬೇಕು.”

“ಭಾರೀ ಮಹಾರಾಣಿ,” ಎಂದು ರತ್ನಮ್ಮ ಮೂತಿ ತಿರುವಿದ್ದರು. ಆದರೆ ಬಟಾಣಿಯ ಕಾಲ ಬಂತು. ದಿಲ್ಲಿಯಲ್ಲಿ ಚಳಿಗಾಲದ ಬಟಾಣಿ ಅಗ್ಗವಾಯಿತೆಂದರೆ ಮನೆಮನೆಯಲ್ಲೂ ಮೂಟೆಗಟ್ಟಲೆ ಬಿಡಿಸಿ ಫ್ರೀಜರಿಗೆ ತುಂಬುವ ಸಂಭ್ರಮ. ರತ್ನಮ್ಮನೂ ತರಕಾರಿ ಭಯ್ಯಾನ ಹತ್ತಿರ ಜಗಳವಾಡಿ ಕೊಂಡ ಬಟಾಣಿಯ ಬುಟ್ಟಿ ಹಿಡಿದು, ಹಜಾರದಲ್ಲಿ ಬಿಸಿಲು ಬೀಳುವ ಜಾಗ ನೋಡಿ ಕೂತರು. ಆ ಜಾಗ ಮಗಳ ಕೋಣೆಯ ಬಾಗಿಲಿಗೆ ಬೆನ್ನಾಗಿತ್ತು. ಕಾಳೊಂದು ಉರುಳಿ ಹಿಂದೆ ಹೋಯಿತು. ಸ್ವಲ್ಪ ಹೊತ್ತಿಗೆ ನೆಲವನ್ನು ನೆಕ್ಕಿದ ಸದ್ದು. ಇನ್ನೊಂದು ಕಾಳು ಉರುಳಿತು. ಅದು ತಾನಾಗಿ ಉರುಳಿದ್ದಲ್ಲ, ರತ್ನಮ್ಮನೇ ಬಿಟ್ಟದ್ದು, ಆದರೆ ಕೇಳಿದರೆ ಒಪ್ಪುತ್ತಿರಲಿಲ್ಲ. ನಾಲ್ಕು ಮಧ್ಯಾಹ್ನ ಕಳೆಯುವಷ್ಟರಲ್ಲಿ ಜೀರಿಗೆ ಅವರ ಸೆರಗಿನ ಹತ್ತಿರ ಬಂದು ಮಲಗುತ್ತಿತ್ತು. ಅವರ ಹಳೆಯ ಇಳಕಲ್ ಸೀರೆಯೊಂದು ನೆಲಕ್ಕೆ ಬಂತು. ದತ್ತಾತ್ರೇಯರು ಅದನ್ನು ಕಂಡು, “ಹೊಸ್ತಿಲ ಆದೇಶ ತಿದ್ದುಪಡಿ ಆಯ್ತೋ?” ಎಂದರು. ಹೆಂಡತಿ ನೋಡಿದ ನೋಟಕ್ಕೆ ಪೇಪರಿನೊಳಗೆ ಮುಖ ಹುದುಗಿಸಿದರು.

ಅಷ್ಟರಲ್ಲಿ ಊರಿನ ಮೇಲೆ ಚಳಿಗಾಲದ ಹೊಗೆಮಂಜು ಕವಿಯಿತು. ಪ್ರತಿ ವರ್ಷದಂತೆ ದತ್ತಾತ್ರೇಯರ ಉಬ್ಬಸ ಏರಿತು. ಈ ಸಲ ಡಾಕ್ಟರು ಮನೆಯಲ್ಲಿ ನಾಯಿ ಇದೆಯೇ ಎಂದು ಕೇಳಿ, ಇರುವುದಾದರೆ ಇರಬಾರದು ಎಂದರು. “ಹೊಗೆಗೆ ಯಾರ ಮೇಲೆ ಕ್ರಮ ತಗೊಳ್ಳೋದು,” ಎಂದು ದತ್ತಾತ್ರೇಯರು ಇನ್‌ಹೇಲರ್ ಅಲ್ಲಾಡಿಸುತ್ತ ಹೇಳಿದರು, “ಮೇಡಂ ಒಬ್ಬರೇ ಕೈಗೆ ಸಿಗೋದು.” ಹರ್ಷಿಣಿ ಅಂದೇ ಫೋನಿನಲ್ಲಿ ಜೀರಿಗೆಯ ಫೋಟೋ ಹಾಕಿ, ಮನೆ ಬೇಕಾಗಿದೆ ಎಂದು ಬರೆದಳು. ಗೋದಾಮು ಕಾಯಲು ಬೇಕೆಂದು ಒಬ್ಬ ಕೇಳಿದ. ಯಾವ ಜಾತಿಯದು ಎಂದು ಇನ್ನೊಬ್ಬ ಕೇಳಿ, ಬೀದಿಯದು ಎಂದಾಗ ಫೋನಿಟ್ಟ. ಕೊನೆಗೆ ಗ್ರೇಟರ್ ನೋಯ್ಡಾದಿಂದ ತ್ಯಾಗಿ ಎಂಬ ಗಂಡ ಹೆಂಡತಿ ಶನಿವಾರ ಸಂಜೆ ನೋಡಲು ಬರುತ್ತೇವೆ ಎಂದರು.

ಶನಿವಾರ ಬೆಳಿಗ್ಗೆ ರತ್ನಮ್ಮ ರವೆ ಹುರಿಯುತ್ತಿದ್ದರು.

“ಅಮ್ಮ, ಅವರು ನೋಡೋಕೆ ಬರ್ತಿರೋದು ನಾಯೀನ.”

“ಯಾರನ್ನ ನೋಡೋಕೆ ಬಂದ್ರೂ ಬಾಯಿಗೆ ಏನಾದ್ರೂ ಹಾಕ್ಕೊಂಡೇ ಹೋಗ್ಬೇಕು.”

ಹರ್ಷಿಣಿ ನಕ್ಕಳು. ಅವಳು ನಗುವುದನ್ನು ನೋಡಲು ರತ್ನಮ್ಮ ಇನ್ನೊಂದು ಸೇರು ರವೆ ಹುರಿಯುತ್ತಿದ್ದರೇನೋ. ಆದರೆ ಸಂಜೆ ಬರಬೇಕಾದವರು ಮಧ್ಯಾಹ್ನಕ್ಕೇ ಬಂದರು. ಹರ್ಷಿಣಿ ಇನ್ನೂ ಲೈಬ್ರರಿಯಲ್ಲಿದ್ದಳು, ದತ್ತಾತ್ರೇಯರು ಔಷಧಿ ತರಲು ಹೋಗಿದ್ದರು. ಫೋನು ಮಾಡಿದರೆ ಮಗಳು ಪಿಸುದನಿಯಲ್ಲಿ ಹೇಳಿದಳು: ಮೂರು ಮಾತು ಮೊದಲೇ ಹೇಳಿಬಿಡು. ಕತ್ತುಪಟ್ಟಿ ಹಿಡಿದು ಎಳೆದರೆ ಕಚ್ಚುತ್ತಾಳೆ. ಪೊರಕೆ ಎತ್ತಿದರೆ ನಿಂತಲ್ಲೇ ಒದ್ದೆ ಮಾಡುತ್ತಾಳೆ. ಬಾಗಿಲು ತೆರೆದಿದ್ದರೆ ಓಡಿಹೋಗುತ್ತಾಳೆ. “ಹೇಳ್ತೀನಿ, ನನಗೆ ಗೊತ್ತಿಲ್ವಾ,” ಎಂದರು ರತ್ನಮ್ಮ.

ತ್ಯಾಗಿ ದಂಪತಿ ಉಪ್ಪಿಟ್ಟು ಮೆಚ್ಚಿ ತಿಂದರು. ಅದೇ ಹೊತ್ತಿಗೆ ಜೀರಿಗೆ ರತ್ನಮ್ಮನ ಪಕ್ಕದಲ್ಲಿ ಇಳಕಲ್ ಸೀರೆಯ ಮೇಲೆ ತೂಕಡಿಸುತ್ತಿತ್ತು. ಕಾಳು ಬಿಟ್ಟರೆ ಕತ್ತೆತ್ತದೆ ನಾಲಿಗೆ ಚಾಚಿ ತೆಗೆದುಕೊಂಡಿತು. ತ್ಯಾಗಿಯ ಹೆಂಡತಿಗೆ ಕಣ್ಣೆಲ್ಲ ಅರಳಿತು. ಇಷ್ಟು ಸಾಧುವೇ, ಕಚ್ಚುವುದಿಲ್ಲವೇ, ಭಯವೇನಾದರೂ ಉಂಟೇ ಎಂದು ಕೇಳಿದಳು. ರತ್ನಮ್ಮ ಬಾಯಿ ತೆರೆದರು. ಎದುರಿಗೆ ಸೋಫಾ, ಕೈಯಲ್ಲಿ ಕೇಸರಿಬಾತಿನ ತಟ್ಟೆ ಹಿಡಿದ ಅತಿಥಿಗಳು, ಗುಣಾವಗುಣದ ಪ್ರಶ್ನೆ. ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಅವರ ಅಜ್ಜಿಯ ಕಾಲದಿಂದ ಕಲಿತು ಬಂದ ನಾಲಿಗೆ ಅದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದಿದ್ದಾರಲ್ಲ, ರತ್ನಮ್ಮ ಒಂದೇ ಒಂದು ಹೇಳಿದರು.

“ನಹೀ ಜೀ. ಬಸ್ ಥೋಡಾ ಶರ್ಮಾತೀ ಹೈ.”

ಸ್ವಲ್ಪ ನಾಚಿಕೆ, ಅಷ್ಟೇ. ಸಂಜೆ ಮಗಳು ಬಂದು ಎಲ್ಲ ಹೇಳಿದೆಯಾ ಎಂದು ಕೇಳಿದಾಗ, “ಎಲ್ಲಾ ಹೇಳಿದೀನಿ,” ಎಂದು ಒಗ್ಗರಣೆಗೆ ಸಾಸಿವೆ ಹಾಕಿದರು. ಮರುದಿನ ತ್ಯಾಗಿ ದಂಪತಿ ಕಾರು ತಂದು ಜೀರಿಗೆಯನ್ನು ಕರೆದುಕೊಂಡು ಹೋದರು. ರತ್ನಮ್ಮ ಇಳಕಲ್ ಸೀರೆಯನ್ನು ಮಡಚಿ ಜೊತೆಗಿಟ್ಟರು. “ತವರಿಂದ ಸೀರೆ ಕೊಡದೆ ಕಳಿಸೋಕಾಗುತ್ತಾ,” ಎಂದು ದತ್ತಾತ್ರೇಯರು ನಗಿಸಲು ನೋಡಿದರು. ಹರ್ಷಿಣಿ ಬಾಲ್ಕನಿಯಲ್ಲಿ ಕಾರು ತಿರುವು ದಾಟುವವರೆಗೂ ನಿಂತಿದ್ದು, ಒಳಗೆ ಬಂದು ಮಂಚದ ಕೆಳಗೆ ಗುಡಿಸಿದಳು.

ಅಂದು ಸಂಜೆ ರತ್ನಮ್ಮ ಮಗಳಿಗೆ ಇಷ್ಟವೆಂದು ಗೊಜ್ಜವಲಕ್ಕಿ ಮಾಡಿದರು. ಮರುದಿನ ನುಚ್ಚಿನುಂಡೆ. ಅದರ ಮರುದಿನ ಮಜ್ಜಿಗೆಹುಳಿ. ಪ್ರತಿ ದಿನವೂ ಹರ್ಷಿಣಿ ಚೆನ್ನಾಗಿದೆ ಎಂದಳು, ತಟ್ಟೆ ತೊಳೆದಳು, ಒಳಗೆ ಹೋದಳು. ಬಾಗಿಲ ಹಿಂದೆ ಈಗ ಯಾವ ದನಿಯೂ ಇರಲಿಲ್ಲ. ಚಹಾದ ಲೋಟ ಹಿಡಿದು ನಿಂತು ರತ್ನಮ್ಮ ಕಿವಿಗೊಟ್ಟರು. ಫ್ಯಾನಿನ ಸದ್ದೂ ಇಲ್ಲದ ಚಳಿಗಾಲದ ಮನೆ, ಏನೂ ಕೇಳಿಸಲಿಲ್ಲ. ಮಾತು ಇತ್ತ ಬರಲಿಲ್ಲ. ಇದ್ದದ್ದೂ ಹೋಯಿತು.

ಆ ವಾರವೇ ತ್ಯಾಗಿಯ ಫೋನು ಬಂತು. ಹರ್ಷಿಣಿ ಕೇಳಿಸಿಕೊಂಡಳು, ಅಮ್ಮನ ಮುಖ ನೋಡಿದಳು, ಬರುತ್ತೇನೆ ಎಂದಳು. ರತ್ನಮ್ಮ ಯಾರೂ ಕರೆಯದಿದ್ದರೂ ಶಾಲು ಹೊದ್ದು ಜೊತೆಗೆ ಹೊರಟರು.

ಹನ್ನೊಂದನೇ ಮಹಡಿಯ ಬಾಲ್ಕನಿ. ಜೀರಿಗೆಯನ್ನು ಕಂಬಿಗೆ ಗಿಡ್ಡ ಹಗ್ಗದಲ್ಲಿ ಕಟ್ಟಿದ್ದರು. ಮಂಜು, ಗಾಳಿ. ಅವಳು ಗೋಡೆಗೆ ಮೂಗು ಹಚ್ಚಿ ಕೂತಿದ್ದಳು, ಬಂದ ಮೊದಲ ದಿನದ ಹಾಗೆ. ಸೀರೆ ಒದ್ದೆಯಾಗಿ ಪಕ್ಕದಲ್ಲಿ ಬಿದ್ದಿತ್ತು. ಸೋಫಾದ ಕೆಳಗೆ ಸೇರಿದ್ದವಳನ್ನು ಸ್ನಾನಕ್ಕೆಂದು ಕತ್ತುಪಟ್ಟಿ ಹಿಡಿದು ಎಳೆದೆ ಎಂದ ತ್ಯಾಗಿ. ಅವನ ಅಂಗೈಗೆ ಬ್ಯಾಂಡೇಜು. ಕೆಟ್ಟವನೇನಲ್ಲ. ಆಂಟೀಜಿ, ನೀವು ಒಂದು ಮಾತು ಹೇಳಿದ್ದರೆ ನಾನು ಕೈಯೇ ಹಾಕುತ್ತಿರಲಿಲ್ಲವಲ್ಲ ಎಂದು ಮೆಲ್ಲಗೇ ಕೇಳಿದ. ರತ್ನಮ್ಮ ಬಗ್ಗಿ ಒದ್ದೆ ಸೀರೆಯನ್ನು ಎತ್ತಿ ಹಿಂಡತೊಡಗಿದರು. ಹರ್ಷಿಣಿ ಬಾಲ್ಕನಿಯ ತಣ್ಣನೆ ನೆಲದ ಮೇಲೆ ನಾಯಿಗೆ ಬೆನ್ನು ಮಾಡಿ ಕೂತಳು. ಬಹಳ ಹೊತ್ತು ಕೂತಳು. ಹೆಗಲ ಮೇಲೆ ಒಂದು ಮೂತಿ ಬಂದು ತಾಗಿದ ಮೇಲೆಯೇ ಹಗ್ಗ ಬಿಚ್ಚಿದ್ದು.

ಟ್ಯಾಕ್ಸಿ ಅರ್ಧ ದಾರಿ ಬಂದ ಮೇಲೆ ಹರ್ಷಿಣಿ ಅಮ್ಮನ ಕಡೆ ತಿರುಗಿದಳು.

“ಎಲ್ಲಾ ಹೇಳಿದೀನಿ ಅಂದಿದ್ದೆ.”

“ಹೇಳಿದ್ರೆ ಯಾರೇ ಒಯ್ತಿದ್ರು?”

“ಯಾರೂ ಒಯ್ಯದಿದ್ರೆ ನಮ್ಮನೇಲಿ ಇರ್ತಿದ್ಳು. ಬಾಲ್ಕನೀಲಿ ಅಲ್ಲ.”

“ನಿಮ್ಮಪ್ಪನ ಕೆಮ್ಮು ನೋಡ್ಬೇಕೋ ಬೇಡ್ವೋ?”

“ಅಪ್ಪನ ಕೆಮ್ಮಿಗಲ್ಲ ನೀನು ಸುಳ್ಳು ಹೇಳಿದ್ದು.” ಹರ್ಷಿಣಿ ನಾಯಿಯ ಮೇಲಿನ ಶಾಲು ಸರಿಮಾಡಿದಳು. “ಅವರೂ ಹೀಗೇ ಹೇಳಿದ್ರಲ್ಲಮ್ಮ. ಸ್ವಲ್ಪ ಮೌನಿ, ಅಷ್ಟೇ ಅಂತ.”

ಎರಡು ವರ್ಷದಲ್ಲಿ ಮಗಳು ಆ ಮನೆಯ ಬಗ್ಗೆ ತಾನಾಗಿ ಆಡಿದ ಮೊದಲ ಮಾತು ಅದು. ರತ್ನಮ್ಮನ ಗಂಟಲಿಗೆ ನೂರು ಪ್ರಶ್ನೆ ಬಂದವು. ಅವಳು ಆಗಲೇ ಕಿಟಕಿಯ ಕಡೆ ತಿರುಗಿಬಿಟ್ಟಿದ್ದಳು.

ಮದುವೆಯ ದಿನ ಕಾರಿನ ಕಿಟಕಿಗೆ ಬಗ್ಗಿ ತಾವು ಹೇಳಿದ್ದು ರತ್ನಮ್ಮನಿಗೆ ನೆನಪಾಯಿತು. ಇನ್ನು ಅದೇ ನಿನ್ನ ಮನೆ, ಹೊಂದಿಕೊಂಡು ಹೋಗಮ್ಮ. ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಫೋನಿನಲ್ಲಿ ಮಗಳು, ಅಮ್ಮ ನಾನು ಸ್ವಲ್ಪ ದಿನ ಬರಲಾ ಎಂದಾಗ ನಕ್ಕು ಹೇಳಿದ್ದೂ ನೆನಪಾಯಿತು: ಎಲ್ಲರ ಮನೆ ದೋಸೇನೂ ತೂತೇ ಕಣೇ. ಆಮೇಲೆ ಇನ್ನೂ ಎರಡು ವರ್ಷ ಅವಳು ಬರುತ್ತೇನೆ ಎನ್ನಲಿಲ್ಲ. ಆ ಎರಡು ವರ್ಷವನ್ನು ಈಗ ಯಾರ ಹತ್ತಿರ ವಾಪಸು ಕೇಳುವುದು.

ಜೀರಿಗೆ ಮತ್ತೆ ಮಂಚದ ಕೆಳಗೆ ಸೇರಿದಳು. ದತ್ತಾತ್ರೇಯರು ತಮ್ಮ ಹಾಸಿಗೆಯನ್ನು ಹಜಾರದ ಕಿಟಕಿಯ ಬಳಿ ಹಾಕಿಸಿಕೊಂಡು, “ಫೈಲು ವಾಪಸ್ ಬಂದಿದೆ. ಪೂರ್ತಿ ಟಿಪ್ಪಣಿ ಬರೀದೆ ಕಳಿಸಿದ್ರೆ ಇನ್ನೇನಾಗುತ್ತೆ,” ಎಂದರು. ತಮಾಷೆಗೇ ಅಂದದ್ದು. ಹೆಂಡತಿ ಅಳುವುದನ್ನು ಕಂಡು ಗಾಬರಿಯಾಗಿ, ಕನ್ನಡ ಸಂಘದಲ್ಲಿ ಯಾರನ್ನಾದರೂ ಕೇಳುತ್ತೇನೆ ಎಂದು ಮಫ್ಲರ್ ಸುತ್ತಿಕೊಂಡು ಹೊರಟರು.

ಹಾಗೆ ಸಿಕ್ಕವರು ಬಸವಲಿಂಗಪ್ಪ ಮತ್ತು ಸಂಯುಕ್ತಾ. ಬಸವಲಿಂಗಪ್ಪ ಗ್ರೇಟರ್ ನೋಯ್ಡಾದ ಕಾಲೇಜೊಂದರಲ್ಲಿ ಮೇಷ್ಟ್ರು, ವಿಜಯಪುರದ ಕಡೆಯವರು. ಹೆಂಡತಿ ಮನೆಯಲ್ಲೇ ಕೂತು ಪಿಎಚ್.ಡಿ. ಬರೆಯುತ್ತಿದ್ದಳು. ಕಾಲೇಜಿನ ಆವರಣದಲ್ಲಿ ನೆಲಮಟ್ಟದ ಮನೆ, ಹಿಂದೆ ನಾಲ್ಕು ಮಾರು ಅಂಗಳ. “ಮತ್ತೆ ಗ್ರೇಟರ್ ನೋಯ್ಡಾನಾ,” ಎಂದಳು ಹರ್ಷಿಣಿ. ಬೇಡ ಎನ್ನಲಿಲ್ಲ.

ಅವರು ಬಂದ ದಿನ ರತ್ನಮ್ಮ ರವೆ ಹುರಿಯಲಿಲ್ಲ. ಮಗಳು ಚಹಾ ಮಾಡಲು ಒಳಗೆ ಹೋಗಿದ್ದಳು. ಬಂದವರು ಚಪ್ಪಲಿ ಬಿಟ್ಟು ಕೂರುವುದೇ ತಡ, ರತ್ನಮ್ಮ ಎದುರಿನ ಕುರ್ಚಿಯ ಅಂಚಿನಲ್ಲಿ ಕೂತು ಶುರುಮಾಡಿದರು.

“ಮೊದಲೇ ಹೇಳ್ಬಿಡ್ತೀನಿ. ಕತ್ತುಪಟ್ಟಿ ಹಿಡಿದ್ರೆ ಕಚ್ತಾಳೆ. ಪೊರಕೆ ಕಂಡ್ರೆ ಅಲ್ಲೇ ಒದ್ದೆ ಮಾಡ್ಕೋತಾಳೆ. ಬಾಗಿಲು ತೆಗೆದಿದ್ರೆ ಓಡ್ತಾಳೆ. ಕುಕ್ಕರ್ ಕೂಗಿದ್ರೆ ಎರಡು ಗಂಟೆ ಈಚೆ ಬರಲ್ಲ. ಗಂಡಸರ ಬೂಟಿನ ಸದ್ದು ಆಗಲ್ಲ. ಒಂದು ಸಲ ಕೊಟ್ಟು ವಾಪಸ್ ಬಂದವಳು. ತಪ್ಪು ಅವಳದ್ದಲ್ಲ, ನನ್ನದು. ನಾನು ಸುಳ್ಳು ಹೇಳಿ ಕೊಟ್ಟಿದ್ದೆ.”

ಬಸವಲಿಂಗಪ್ಪ ಹೆಂಡತಿಯ ಮುಖ ನೋಡಿದರು. “ಅದಕ್ಕೇನಾತ್ರೀ ಅಮ್ಮಾರ,” ಎಂದಳು ಸಂಯುಕ್ತಾ. “ನಾನೂ ಈ ಊರಿಗೆ ಬಂದು ಆರು ತಿಂಗಳು ಬಾಗಿಲಾ ತೆಗೀಲಿಲ್ಲ.”

ರತ್ನಮ್ಮ ನಿಲ್ಲಿಸಲಿಲ್ಲ. ನಿಲ್ಲಿಸಲು ಆಗಲಿಲ್ಲ.

“ಇನ್ನೊಂದು ಮಾತು. ನಿಮಗೆ ಆಗಲ್ಲ ಅನ್ನಿಸ್ಲಿ, ಅವಳಿಗೆ ಆಗಲ್ಲ ಅನ್ನಿಸ್ಲಿ. ಹೊಂದ್ಕೋತಾಳೆ ಅಂತ ಕಾಯಬೇಡಿ. ಒಂದು ಫೋನು ಮಾಡಿ. ಹಗಲಾಗ್ಲಿ ರಾತ್ರಿ ಆಗ್ಲಿ ನಾನೇ ಬಂದು ಕರ್ಕೊಂಡು ಬರ್ತೀನಿ. ಯಾಕೆ ಬಂದೆ ಅಂತ ನಾನು ಕೇಳಲ್ಲ. ಇದು ಅವಳ ಮನೆ.”

ಅಡುಗೆಮನೆಯ ಬಾಗಿಲಲ್ಲಿ ಚಹಾದ ಲೋಟಗಳು ಒಂದಕ್ಕೊಂದು ತಾಗಿದ ಸದ್ದಾಯಿತು. ಹರ್ಷಿಣಿ ತಟ್ಟೆ ಹಿಡಿದು ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ರತ್ನಮ್ಮ ಅವಳ ಕಡೆ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಅವಳು ಚಹಾ ಕೊಟ್ಟು, ಅಮ್ಮನ ಲೋಟದಲ್ಲಿ ಸಕ್ಕರೆ ಕರಗಿದೆಯೋ ಇಲ್ಲವೋ ಎಂದು ಚಮಚ ಅಲ್ಲಾಡಿಸಿ ನೋಡಿ, ಗೋಡೆಗೊರಗಿ ನಿಂತಳು.

ಈ ಸಲ ಅವಸರ ಮಾಡಲಿಲ್ಲ. ಗಂಡ ಹೆಂಡತಿ ಮೂರು ಭಾನುವಾರ ಅಷ್ಟು ದೂರದಿಂದ ಬಂದು, ನೆಲದ ಮೇಲೆ ಕೂತು, ರತ್ನಮ್ಮನೊಂದಿಗೆ ಬಟಾಣಿ ಬಿಡಿಸಿದರು. ಮೇಷ್ಟ್ರು ಬೂಟು ಬಿಟ್ಟು ಚಪ್ಪಲಿಯಲ್ಲಿ ಬರುತ್ತಿದ್ದರು. ಮೂರನೆಯ ಸಲ ಜೀರಿಗೆ ಸಂಯುಕ್ತಾಳ ಸೆರಗಿನ ಮೇಲಿದ್ದ ಕಾಳನ್ನು ತಿಂದು, ಅಲ್ಲೇ ಮೂತಿ ಇಟ್ಟು ಮಲಗಿದಳು. ಒಗೆದು ಒಣಗಿಸಿದ ಇಳಕಲ್ ಸೀರೆ, ಒಂದು ಚೀಲ ಬಿ‌ಡಿಸಿದ ಬಟಾಣಿ, ಹರ್ಷಿಣಿಯ ಹಳೆಯ ಸ್ವೆಟರು, ಇಷ್ಟರೊಂದಿಗೆ ಹೊರಟಳು. ಮೆಟ್ಟಿಲಿಳಿಯುವಾಗ ಒಮ್ಮೆ ನಿಂತು ತಿರುಗಿ ನೋಡಿದಳು. ಯಾರೂ ಕರೆಯಲಿಲ್ಲ. ಕರೆಯಬಾರದು ಎಂದು ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಅಷ್ಟು ಕಷ್ಟವಾಯಿತು.

ಸ್ವಲ್ಪ ದಿನದ ಮೇಲೆ ಸಂಯುಕ್ತಾ ಒಂದು ವಿಡಿಯೋ ಕಳಿಸಿದಳು. ಅಂಗಳದ ಬಿಸಿಲಿನಲ್ಲಿ ಜೀರಿಗೆ ನಡೆದು ಹೋಗುತ್ತಿದ್ದಾಳೆ. ಬಾಲ ಮೇಲೆದ್ದಿದೆ. “ನೋಡು, ಡೊಂಕೇ,” ಎಂದರು ದತ್ತಾತ್ರೇಯರು, ಕೆಮ್ಮದೆ. ಆ ಒಂದು ಬಾಲವನ್ನು ಮೂವರೂ ಮತ್ತೆ ಮತ್ತೆ ನೋಡಿದರು. ಆಮೇಲೆ ಹರ್ಷಿಣಿ ಫೋನು ಇಸಿದುಕೊಂಡು ಕೋಣೆಗೆ ಹೋದಳು.

ಮನೆ ಮತ್ತೆ ಸದ್ದಿಲ್ಲದಾಯಿತು. ಸಂಜೆ ನಾಲ್ಕೂವರೆಯಾದರೆ ರತ್ನಮ್ಮನ ಕಿವಿ ತಾನಾಗಿ ಆ ಬಾಗಿಲ ಕಡೆ ಹೋಗುತ್ತಿತ್ತು. ಮೂಲಂಗಿಯ ಹೆಂಗಸು, ಕನ್ನಡಕದ ಮುಖ್ಯಸ್ಥರು, ಎಲ್ಲ ಈಗ ಎಲ್ಲಿ ಹೋಗುತ್ತಾರೋ. ಒಂದು ಮಾತು, ಒಂದೇ ಒಂದು ಮಾತು ತನ್ನ ಪಾಲಿಗೆ ಬಂದರೆ ಸಾಕಿತ್ತು ಎನ್ನಿಸುತ್ತಿತ್ತು. ಕೇಳಬೇಕೆಂದು ನಾಲಿಗೆ ತುರಿಸುತ್ತಿತ್ತು. ಕೇಳಲಿಲ್ಲ.

ಆ ವರ್ಷದ ಕೊನೆಯ ಬಟಾಣಿ ಬಂದ ಭಾನುವಾರ, ಕಾಳು ಬಲಿತು ಸಿಹಿ ಹೋಗಿತ್ತು, ಆದರೂ ರತ್ನಮ್ಮ ಬುಟ್ಟಿ ತುಂಬ ಕೊಂಡರು. ಹಜಾರದ ಬಿಸಿಲಿನಲ್ಲಿ ಕೂರಲಿಲ್ಲ. ಹರ್ಷಿಣಿಯ ಕೋಣೆಯ ಬಾಗಿಲು ಅರೆ ತೆರೆದಿತ್ತು. ಹೊಸ್ತಿಲ ಪಕ್ಕದಲ್ಲಿ, ಮಂಚಕ್ಕೆ ಬೆನ್ನು ಮಾಡಿ, ನೆಲದ ಮೇಲೆ ಕೂತರು. ಮೊಣಕಾಲು ನೋಯುತ್ತಿತ್ತು. ಎಡಕ್ಕೆ ಸಿಪ್ಪೆಯ ಬುಟ್ಟಿ, ಬಲಕ್ಕೆ ಕಾಳಿನ ಪಾತ್ರೆ. ತಿರುಗಲಿಲ್ಲ, ಕರೆಯಲಿಲ್ಲ, ತಮ್ಮ ಪಾಡಿಗೆ ಬಿಡಿಸುತ್ತ ಕೂತರು. ದತ್ತಾತ್ರೇಯರು ಪೇಪರಿನ ಮೇಲಿನಿಂದ ನೋಡಿ, ಏನೋ ಹೇಳಹೊರಟವರು ಪುಟ ತಿರುವಿದರು.

ಬಿಸಿಲು ಗೋಡೆಯಿಂದ ಇಳಿದು ನೆಲಕ್ಕೆ ಬಂತು. ಹಿಂದೆ ಮಂಚ ಕಿರುಗುಟ್ಟಿತು. ಪಾದ ನೆಲಕ್ಕೆ ತಾಗಿದ ಸದ್ದು. ಬುಟ್ಟಿಯಿಂದ ಯಾರೋ ಒಂದು ಕಾಯಿ ಎತ್ತಿಕೊಂಡರು, ಅದು ಟಪ್ಪೆಂದು ಒಡೆಯಿತು. ಅಮ್ಮನ ಬೆನ್ನಿಗೆ ಒಂದು ಬೆನ್ನು ಮೆಲ್ಲಗೆ ಒರಗಿತು.

“ಅಮ್ಮ.”

“ಹೂಂ.”

“ಊಟಕ್ಕೆ ಎದುರಿಗೇ ಕೂತಿರ್ತಿದ್ದ. ಉಪ್ಪು ಕಮ್ಮಿ ಆದ್ರೆ ಫೋನಿನಲ್ಲಿ ಮೆಸೇಜ್ ಮಾಡ್ತಿದ್ದ. ಬಾಯಿ ಬಿಟ್ಟು ಹೇಳ್ತಿರಲಿಲ್ಲ. ಮೊದಲು ಒಂದು ವಾರ ಹಂಗೆ. ಆಮೇಲೆ ನಾಲ್ಕು ತಿಂಗಳು...”

ರತ್ನಮ್ಮ ಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಹಾಕುತ್ತಿದ್ದರು. ತಿರುಗಿ ಮಾತ್ರ ನೋಡಲಿಲ್ಲ.